ಮಹಾಬಲೇಶ್ವರನ ಹದಿನಾಲ್ಕು ಊರುಗಳು

ಗೋಥೆನ್‌ಬರ್ಗಿನ ಕನ್ನಡಿಗರಲ್ಲಿ ಯಾರಾದರೂ ಅಮೆರಿಕಕ್ಕೆ ಹೊರಟರೆಂದರೆ ಮೊದಲ ಫೋನು ಹೋಗುತ್ತಿದ್ದುದು ಟಿಕೆಟ್ ಏಜೆಂಟನಿಗಲ್ಲ, ಮಹಾಬಲೇಶ್ವರನಿಗೆ. ಯಾವ ಊರು ನೋಡಬೇಕು, ಯಾವ ಊರಲ್ಲಿ ಮನೆ ಮಾಡಬೇಕು, ಯಾವುದರ ಹತ್ತಿರವೂ ಸುಳಿಯಬಾರದು ಎಂಬುದನ್ನೆಲ್ಲ ಅವನು ಕಾಫಿ ಲೋಟ ಕೆಳಗಿಡದೆಯೇ ಹೇಳಿಬಿಡುತ್ತಿದ್ದ. ಗೆಳೆಯ ಬದರಿನಾಥನ ತಂಗಿ ಕೊಲಂಬಸ್‌ನಲ್ಲಿ ಮನೆ ನೋಡಿದ್ದಾಳೆಂದು ತಿಳಿದಾಗ ವಿಳಾಸ ಕೇಳಿ, ಒಂದು ಗಳಿಗೆ ಕಣ್ಣು ಮುಚ್ಚಿ, "ಬೇಡ ಅನ್ನಿ. ಬೆಳಿಗ್ಗೆ ಎಂಟಕ್ಕೆ ಆ ಗೇಟಿಂದ ಲೆಫ್ಟ್ ತಗೊಳ್ಳೋಕೆ ಹತ್ತು ನಿಮಿಷ ಕಾಯ್ಬೇಕು. ಸಿಗ್ನಲ್ ಇಲ್ಲ ಅಲ್ಲಿ" ಎಂದಿದ್ದ. ತಂಗಿ ಕೇಳಲಿಲ್ಲ, ಮನೆ ಹಿಡಿದಳು. ಮೂರು ತಿಂಗಳಾದ ಮೇಲೆ ಅಣ್ಣನಿಗೆ ಫೋನು ಮಾಡಿ, ಆ ಪುಣ್ಯಾತ್ಮ ಯಾರು, ಅಲ್ಲಿ ಎಷ್ಟು ವರ್ಷ ಇದ್ದರು ಎಂದು ವಿಚಾರಿಸಿದಳು.

ಪುಣ್ಯಾತ್ಮ ಅಮೆರಿಕದ ನೆಲ ಮೆಟ್ಟಿದವನೇ ಅಲ್ಲ. ಕುಮಟೆಯಲ್ಲಿ ಹುಟ್ಟಿ, ಬೆಂಗಳೂರಿನಲ್ಲಿ ಹದಿನೈದು ವರ್ಷ ದುಡಿದು, ೨೦೧೨ರಲ್ಲಿ ಹೆಂಡತಿ ಇಂದುಮತಿ ಮತ್ತು ಹನ್ನೊಂದು ವರ್ಷದ ಮಗಳು ಲಾವಣ್ಯಾಳನ್ನು ಕಟ್ಟಿಕೊಂಡು ಸ್ವೀಡನ್ನಿಗೆ ಬಂದವನು. ಗೋಥೆನ್‌ಬರ್ಗಿನ ಲಿಂಡ್‌ಹೋಲ್ಮೆನ್ ಬಡಾವಣೆಯ ಒಂದು ಕಚೇರಿಯಲ್ಲಿ ಕಾರುಗಳಿಗೆ ದಾರಿ ಹೇಳುವ ಸಾಫ್ಟ್‌ವೇರನ್ನು ಪರೀಕ್ಷೆ ಮಾಡುವುದು ಅವನ ಕೆಲಸ. ಅಮೆರಿಕದ ಮಾರುಕಟ್ಟೆ ಅವನ ಪಾಲಿಗೆ ಬಂದಿತ್ತು. ಲ್ಯಾಬಿನಲ್ಲಿ ಒಂದು ಕಾರಿನ ಸೀಟು, ಸ್ಟೇರಿಂಗು, ಎದುರಿಗೆ ಗೋಡೆಯಗಲದ ಪರದೆ. ಚಕ್ರ ಮಾತ್ರ ಇಲ್ಲ. ಅಲ್ಲಿನವರು ನಿಜವಾದ ರಸ್ತೆಗಳಲ್ಲಿ ಓಡಿಸಿ ಚಿತ್ರೀಕರಿಸಿ ಕಳಿಸಿದ್ದನ್ನು ಇವನು ಇಲ್ಲಿ ಕೂತು ಮತ್ತೆ ಓಡಿಸುತ್ತಿದ್ದ. ಕಾರು ಸರಿಯಾದ ಜಾಗದಲ್ಲಿ "ಬಲಕ್ಕೆ ತಿರುಗಿ" ಎನ್ನುತ್ತದೋ ಇಲ್ಲವೋ ನೋಡುವುದು, ತಪ್ಪಿದರೆ ಬರೆದಿಡುವುದು, ಮತ್ತೆ ಅದೇ ರಸ್ತೆ. ಹಾಗೆ ಒಂದೊಂದು ಊರನ್ನೂ ನೂರಾರು ಸಲ ಸುತ್ತಿದ್ದ.

ಸುತ್ತಿ ಸುತ್ತಿ ಅವನಿಗೆ ಊರುಗಳ ಬಗ್ಗೆ ತನ್ನದೇ ಒಂದು ಸಿದ್ಧಾಂತ ಹುಟ್ಟಿಕೊಂಡಿತ್ತು. ಊರಿನ ಗುಣ ತಿರುವಿನಲ್ಲಿ ಗೊತ್ತಾಗುತ್ತದೆ ಎನ್ನುವುದು ಅದರ ಸಾರ. ನ್ಯೂಯಾರ್ಕನ್ನು ಅವನು ಮೊದಲ ವಾರವೇ ತಳ್ಳಿಹಾಕಿದ್ದ. ಎತ್ತರದ ಕಟ್ಟಡಗಳ ನಡುವೆ ಉಪಗ್ರಹದ ಸಂಕೇತ ಸಿಗದೆ ಕಾರು ತಾನು ನದಿಯಲ್ಲಿದ್ದೇನೆಂದು ತಿಳಿಯುತ್ತದೆ, ಅಂಥ ಕಡೆ ಮನುಷ್ಯರ ಪಾಡೇನು ಎಂದು ಅವನ ವಾದ. ಸವಾನಾ ಎಂದರೆ ಪ್ರಾಣ: ನಾಲ್ಕು ಹೆಜ್ಜೆಗೊಂದು ಮರ ತುಂಬಿದ ಚೌಕ, ಎಷ್ಟೇ ಅವಸರದವನೂ ಸುತ್ತಿಕೊಂಡೇ ಹೋಗಬೇಕು. ಸಾಂಟಾ ಫೆಯಲ್ಲಿ ಮಣ್ಣುಬಣ್ಣದ ಗೋಡೆಗಳ ಓಣಿಗಳು ಎಲ್ಲಿಂದೆಲ್ಲಿಗೋ ಹೊರಳಿ ಕಾರಿನ ಕೈಲಿ ಮೂರು ಸಲ "ಹಿಂದಕ್ಕೆ ತಿರುಗಿ" ಅನ್ನಿಸುತ್ತವೆ. ಅದು ಸ್ವಾಭಿಮಾನವಿರುವ ಊರಿನ ಲಕ್ಷಣ. ಮ್ಯಾಡಿಸನ್ನಿಗೆ ಎರಡು ಕೆರೆಗಳ ನಡುವೆ ಮೈ ಸಣ್ಣ ಮಾಡಿಕೊಂಡು ಕೂತ ಚೆಲುವು. ಎಲ್ಲಕ್ಕಿಂತ ಮೇಲೆ ಡುಲೂತ್. ಗುಡ್ಡದಿಂದ ಇಳಿಯುವ ಪ್ರತಿ ರಸ್ತೆಯ ಕೊನೆಯಲ್ಲೂ ಸಮುದ್ರದಂಥ ಸರೋವರ, ಅದಿರು ತುಂಬಿಕೊಳ್ಳುವ ಹಡಗುಗಳು, ಹಡಗು ಬಂದರೆ ಮೇಲೆದ್ದು ದಾರಿ ಬಿಡುವ ಸೇತುವೆ. ಆ ಸೇತುವೆಯ ಎದುರು ಅವನು ಕಾರು ನಿಲ್ಲಿಸಿ, ಅಂದರೆ ಪರದೆ ನಿಲ್ಲಿಸಿ, ಊಟದ ಡಬ್ಬಿ ಬಿಚ್ಚುತ್ತಿದ್ದ.

ಇಂಥ ಹದಿನಾಲ್ಕು ಊರುಗಳ ಪಟ್ಟಿ ಅವನ ಮನೆಯ ಫ್ರಿಜ್ಜಿನ ಬಾಗಿಲ ಮೇಲಿತ್ತು. ಒಂದು ದಿನ ಇಷ್ಟನ್ನೂ ಒಂದೇ ಉಸಿರಿಗೆ, ನಿಜವಾದ ಚಕ್ರಗಳ ಮೇಲೆ ಕೂತು ನೋಡಬೇಕು. ಲೆಕ್ಕ ಹಾಕಿದರೆ ಹನ್ನೊಂದು ವಾರ ಬೇಕು. ಅದಕ್ಕಾಗಿ ಮಹಾಬಲೇಶ್ವರ ರಜೆ ಕೂಡಿಡತೊಡಗಿದ. ನಾದಿನಿಯ ಮದುವೆಗೆಂದು ಹತ್ತು ದಿನ ಬೆಂಗಳೂರಿಗೆ ಹೋಗಿಬಂದದ್ದು ಬಿಟ್ಟರೆ ನಾಲ್ಕು ವರ್ಷದಲ್ಲಿ ಒಂದು ದಿನವನ್ನೂ ಮುಟ್ಟಲಿಲ್ಲ. ಬೆಂಗಳೂರಿನ ಹಳೆ ಕಚೇರಿಯಲ್ಲಿ ವರ್ಷವಿಡೀ ರಜೆ ಹಾಕದವನಿಗೆ ಸಭೆಯಲ್ಲಿ ಚಪ್ಪಾಳೆ ತಟ್ಟಿಸುತ್ತಿದ್ದರು. ಇಲ್ಲಿ ಅದು ಹೇಗೆ ತಪ್ಪಾದೀತು ಎಂಬ ಯೋಚನೆಯೇ ಅವನಿಗೆ ಬಂದಿರಲಿಲ್ಲ.

ಜುಲೈ ಬಂತೆಂದರೆ ಇಡೀ ಸ್ವೀಡನ್ ಬೀಗ ಹಾಕಿಕೊಂಡು ಕಾಡಿಗೋ ದ್ವೀಪಕ್ಕೋ ಹೋಗುತ್ತದೆ. ಅವನ ಮೇಲಧಿಕಾರಿ ಓಸಾ ಎಂಬಾಕೆ ಪ್ರತಿ ಜೂನ್‌ನಲ್ಲೂ ಫೀಕಾ ಎಂಬ ಕಾಫಿ ಬಿಡುವಿನ ಮೇಜಿನ ಬಳಿ, ದಾಲ್ಚಿನ್ನಿ ಬನ್ನು ಕೈಗಿಡುತ್ತಾ, "ಮಹಾ, ಈ ಸಲವಾದರೂ ಹೋಗು" ಎನ್ನುತ್ತಿದ್ದಳು. ಇವನು "ಮುಂದಿನ ವರ್ಷ ಖಂಡಿತ" ಎಂದು ನಗುತ್ತಿದ್ದ. ಖಾಲಿ ಕಚೇರಿಯಲ್ಲಿ ಒಬ್ಬನೇ ಕೂತು ಸವಾನಾದ ಚೌಕಗಳನ್ನು ಸುತ್ತುತ್ತಿದ್ದ. ಮನೆಯಲ್ಲಿ ತಾಯಿಮಗಳು ಬಸ್ಸು ಹತ್ತಿ ತಾವೇ ಸಮುದ್ರತೀರಕ್ಕೆ ಹೋಗಿಬರುತ್ತಿದ್ದರು. ಶಾಲೆಯ ಪಾಲಕರ ಸಭೆಗೆ ಹೋಗುವವಳೂ ಇಂದುಮತಿಯೇ. ಒಮ್ಮೆ ಮಾತ್ರ ಅವನು ಹೊರಟಿದ್ದ. ತಪ್ಪು ನಿಲ್ದಾಣದಲ್ಲಿಳಿದು, ಸಭೆ ಮುಗಿದು ದೀಪ ಆರಿಸುವ ಹೊತ್ತಿಗೆ ತಲುಪಿದ್ದ. ಲಾವಣ್ಯಾ ಆಮೇಲೆ ಅವನನ್ನು ಕರೆಯಲೇ ಇಲ್ಲ.

ನಾಲ್ಕು ವರ್ಷ ಮುಗಿದ ಮೇಲೆ ಕಾಯಂ ವಾಸಕ್ಕೆ ಅರ್ಜಿ ಹಾಕಿದರು. ೨೦೧೭ರ ಏಪ್ರಿಲ್‌ನಲ್ಲಿ ವಲಸೆ ಕಚೇರಿಯಿಂದ ಪತ್ರ ಬಂತು. ಸ್ವೀಡಿಷ್ ಓದಿ ಅರ್ಥ ಹೇಳಿದವಳು ಲಾವಣ್ಯಾ. ವರ್ಷಕ್ಕೆ ಇಂತಿಷ್ಟು ರಜೆ ತೆಗೆದುಕೊಳ್ಳಲೇಬೇಕೆಂಬುದು ಇಲ್ಲಿನ ಕಾನೂನು, ಅರ್ಜಿದಾರರು ತೆಗೆದುಕೊಂಡಿಲ್ಲ, ಕೆಲಸದ ಷರತ್ತುಗಳು ಪಾಲನೆಯಾಗಿಲ್ಲ, ಅರ್ಜಿ ತಿರಸ್ಕರಿಸಲು ಇದು ಕಾರಣವಾಗಬಹುದು, ಮೂರು ವಾರದಲ್ಲಿ ವಿವರಣೆ ಕೊಡಿ ಎಂದಿತ್ತು.

"ರಜಾ ಹಾಕ್ಲಿಲ್ಲ ಅಂತ ದೇಶದಿಂದ ಆಚೆ ಹಾಕ್ತಾರಾ?" ಇಂದುಮತಿ ಎರಡೆರಡು ಸಲ ಕೇಳಿದಳು. ಅವಳು ಹತ್ತಿರದ ದಾಗಿಸ್‌ನಲ್ಲಿ, ಅಂದರೆ ಪುಟ್ಟ ಮಕ್ಕಳ ಶಾಲೆಯಲ್ಲಿ, ಅದೇ ವರ್ಷ ಕೆಲಸಕ್ಕೆ ಸೇರಿದ್ದಳು.

"ಹಾಕ್ಬಹುದು ಅಮ್ಮಾ. ಇಟ್ ಹ್ಯಾಪನ್ಸ್" ಎಂದ ಲಾವಣ್ಯಾ ಪತ್ರವನ್ನು ಮೇಜಿನ ಮೇಲಿಟ್ಟು ತನ್ನ ಕೋಣೆಗೆ ಹೋದಳು. ಅವಳಿಗಾಗ ಹದಿನಾರು. ಗೆಳತಿಯರು, ಭಾಷೆ, ನಗು, ಸಿಟ್ಟು ಎಲ್ಲ ಇಲ್ಲಿನದೇ. ಮಹಾಬಲೇಶ್ವರ ಫ್ರಿಜ್ಜಿನ ಬಾಗಿಲನ್ನೇ ನೋಡುತ್ತಾ ನಿಂತ.

ಸುದ್ದಿ ಕೇಳಿ ಓಡಿಬಂದ ಬದರಿನಾಥ ಉಪಾಯವನ್ನೂ ತಂದಿದ್ದ. "ಸಿಂಪಲ್ ಗುರೂ. ರಜಾ ಕೇಳ್ದೆ, ಬಾಸ್ ಕೊಡ್ಲಿಲ್ಲ, ಪ್ರೆಷರ್ ಇತ್ತು ಅಂತ ಬರೀರಿ. ಪಾಪ ಬಡಪಾಯಿ ಅನ್ಕೋತಾರೆ."

"ಕೇಳ್ದವಳು ಅವಳು ಕಣ್ರೀ, ಕೊಡದೇ ಇದ್ದವನು ನಾನು" ಎಂದ ಮಹಾಬಲೇಶ್ವರ. "ನಾಲ್ಕು ವರ್ಷ ಬನ್ನು ಕೊಟ್ಟು ಹೋಗು ಹೋಗು ಅಂದಿದ್ದಾಳೆ. ಅವಳ ತಲೆಗೆ ಹೇಗೆ ಕಟ್ಟಲಿ?"

"ಹಾಗಾದ್ರೆ ನಿಜ ಬರೀತೀರಾ? ಸವಾನಾ, ಡುಲೂತ್ ಅಂತ? ನಕ್ಕು ಕಸದ ಬುಟ್ಟಿಗೆ ಹಾಕ್ತಾರೆ."

ಬರೆದದ್ದು ಅದನ್ನೇ. ಒಂದು ಭಾನುವಾರ ಅವನು ಕನ್ನಡದಲ್ಲಿ ಹೇಳುತ್ತಾ ಹೋದ, ಲಾವಣ್ಯಾ ಸ್ವೀಡಿಷ್‌ನಲ್ಲಿ ಟೈಪ್ ಮಾಡುತ್ತಾ ಹೋದಳು. ಯಾರೂ ತನಗೆ ರಜೆ ನಿರಾಕರಿಸಿಲ್ಲ, ತಾನೇ ಕೂಡಿಟ್ಟದ್ದು, ಕೂಡಿಡುವುದು ಒಳ್ಳೆಯ ಗುಣವೆಂದು ತಿಳಿದಿದ್ದೆ, ಹದಿನಾಲ್ಕು ಊರುಗಳನ್ನು ನೋಡುವ ಆಸೆಯಿತ್ತು ಎಂದು ಹೇಳಿ, ಊರುಗಳ ಹೆಸರನ್ನೂ ಹೇಳಿದ. "ಸಾಂಟಾ ಫೆ ಯಾಕೆ ಅಂತಾನೂ ಬರೀಲಾ?" ಎಂದು ಮಗಳು ಕೇಳಿದಾಗ ಅವಳು ಅಣಕಿಸುತ್ತಿದ್ದಾಳೋ ಏನೋ ತಿಳಿಯದೆ, "ಬರಿ" ಎಂದ. ಮುದ್ರಿಸಿ ಕೊಟ್ಟ ಮೂರು ಪುಟಕ್ಕೆ ಓದದೇ ಸಹಿ ಹಾಕಿದ. ಅಷ್ಟು ಸ್ವೀಡಿಷ್ ಓದುವುದಕ್ಕೆ ಅವನಿಗೆ ಅರ್ಧ ದಿನ ಬೇಕಿತ್ತು. ಓಸಾ ತಾನಾಗಿ ಒಂದು ಪುಟ ಸೇರಿಸಿದಳು. ಪ್ರತಿ ಬೇಸಿಗೆಯಲ್ಲೂ ಇವನನ್ನು ಕೈಹಿಡಿದು ಬಾಗಿಲಾಚೆ ಬಿಟ್ಟುಬರಬೇಕಿತ್ತು, ಬಿಡದಿದ್ದುದು ತನ್ನ ತಪ್ಪು ಎಂದು ಬರೆದಿದ್ದಳು.

ಆ ಜುಲೈನಲ್ಲಿ ಅವಳು ಮಾತು ಬೆಳೆಸಲೇ ಇಲ್ಲ. ನಾಲ್ಕು ವಾರ ಕಚೇರಿಯ ಬಾಗಿಲು ತೆರೆಯದಂತೆ ಅವನ ಕಾರ್ಡನ್ನೇ ತೆಗೆದಿಟ್ಟುಕೊಂಡಳು. ಅಂತೂ ರಜೆ ಸಿಕ್ಕಿತು, ಆದರೆ ತೀರ್ಮಾನ ಬರುವ ತನಕ ದೇಶ ಬಿಟ್ಟರೆ ಮರಳಿ ಬರುವ ಭರವಸೆಯಿಲ್ಲ. ಮೊದಲ ಸೋಮವಾರ ಅವನು ಎಂದಿನಂತೆ ಆರಕ್ಕೆದ್ದು, ಸ್ನಾನ ಮಾಡಿ, ಇಸ್ತ್ರಿ ಮಾಡಿದ ಅಂಗಿ ತೊಟ್ಟು, ಅಡುಗೆಮನೆಯಲ್ಲಿ ಸುಮ್ಮನೆ ಕೂತ. ಲಾವಣ್ಯಾ ಬಂದು ಫ್ರಿಜ್ಜಿನಿಂದ ಪಟ್ಟಿ ಕಿತ್ತುಕೊಂಡಳು.

"ಅಪ್ಪಾ, ಡುಲೂತ್‌ನಲ್ಲಿ ಏನೇನಿದೆ ಹೇಳು."

"ನೀರು. ಅದಿರು. ಹಡಗು. ಚಳಿ."

"ಓಕೆ, ಲುಲೆಯೊ" ಎಂದು ಅವಳು ಫೋನಿನಲ್ಲಿ ರೈಲು ಹುಡುಕತೊಡಗಿದಳು.

ಲುಲೆಯೊ ದೇಶದ ಉತ್ತರದ ತುದಿಗೆ. ರೈಲಿನಲ್ಲಿ ಹೆಚ್ಚೂಕಡಿಮೆ ಒಂದು ದಿನದ ದಾರಿ. ಮೂವರೂ ಹೋದರು. ಬಂದರಿನ ಹತ್ತಿರದ ಬೆಂಚಿನಲ್ಲಿ ಕೂತು ಇಂದುಮತಿ ಕಟ್ಟಿ ತಂದ ಚಪಾತಿ ಬಿಚ್ಚಿದಳು. ಅದಿರು ತುಂಬಿಕೊಳ್ಳುತ್ತಿದ್ದ ಹಡಗು ನಿಧಾನಕ್ಕೆ ನೀರಿಗೆ ಇಳಿಯುತ್ತಿತ್ತು. ಗಾಳಿಗೆ ಉಪ್ಪು, ಎಣ್ಣೆ, ಎಲ್ಲೋ ಸುಡುತ್ತಿದ್ದ ಮೀನಿನ ವಾಸನೆಯಿತ್ತು. ಪರದೆಯ ಮೇಲಿನ ಡುಲೂತ್‌ಗೆ ವಾಸನೆ ಇರಲಿಲ್ಲವೆಂಬುದು ಮಹಾಬಲೇಶ್ವರನಿಗೆ ಆಗ ಹೊಳೆಯಿತು. ಮಗಳು ತೀರದಲ್ಲಿ ಯಾವುದೋ ಮುದುಕಿಯೊಂದಿಗೆ ಸ್ವೀಡಿಷ್‌ನಲ್ಲಿ ಹರಟುತ್ತಾ, ಕೈ ಆಡಿಸಿ ಏನನ್ನೋ ವಿವರಿಸುತ್ತಾ, ನಗುತ್ತಿದ್ದಳು. ಅವಳು ಹಾಗೆ ಗಟ್ಟಿಯಾಗಿ ನಗುವುದನ್ನು ನೋಡಿ ಎಷ್ಟು ದಿನವಾಯಿತೆಂದು ಅವನಿಗೆ ನೆನಪಾಗಲಿಲ್ಲ.

"ಇಂದು, ನಂಗೆ ಇಲ್ಲಿಂದ ಹೋಗೋಕೆ ಇಷ್ಟ ಇಲ್ಲ ಕಣೆ" ಎಂದ.

"ಇದನ್ನ ಹೇಳೋಕೆ ಐದು ವರ್ಷ ತಗೊಂಡ್ರಲ್ರೀ" ಎಂದು ಅವಳು ಇನ್ನೊಂದು ಚಪಾತಿ ಬಡಿಸಿದಳು.

ಉಳಿದ ವಾರಗಳಲ್ಲಿ ಪಟ್ಟಿಯ ಇನ್ನೂ ಮೂರು ಊರುಗಳನ್ನು ಸ್ವೀಡನ್ನಿನಲ್ಲಿ ಹುಡುಕಿಕೊಂಡು ಹೋದರು. ಮ್ಯಾಡಿಸನ್ ಕಾರ್ಲ್‌ಸ್ಟಾಡ್‌ನಲ್ಲಿ ಸಿಕ್ಕಿತು, ಕೆರೆ ಒಂದು ಕಡಿಮೆ ಇದ್ದರೂ ನೀರು ಮತ್ತು ವಿದ್ಯಾರ್ಥಿಗಳು ಸಾಕಷ್ಟಿದ್ದರು. ಸವಾನಾ ಎಲ್ಲೂ ಸಿಗಲಿಲ್ಲ. ಆಗಸ್ಟ್‌ನಲ್ಲಿ ಅವನು ಮತ್ತೆ ಚಕ್ರವಿಲ್ಲದ ಕಾರು ಹತ್ತಿದ. ಅಂಚೆಪೆಟ್ಟಿಗೆಯ ಸದ್ದಾದರೆ ಮೂವರೂ ಒಬ್ಬರ ಮುಖ ಒಬ್ಬರು ನೋಡುತ್ತಿದ್ದರು.

ನವೆಂಬರಿನ ಒಂದು ಮಂಗಳವಾರ, ಅವನು ಕಚೇರಿಗೆ ಹೊರಟು ಬೂಟಿನ ದಾರ ಕಟ್ಟುವಾಗ ಲಕೋಟೆ ಬಾಗಿಲ ಸಂದಿನಿಂದ ಒಳಗೆ ಬಿತ್ತು. ಆರು ಪುಟ. ಒಂದು ಕಾಲಿನ ದಾರ ಬಿಚ್ಚಿಕೊಂಡೇ ಇತ್ತು. ಕೊನೆಯ ಪುಟ ತಿರುವಿ, ತಿಂಗಳುಗಟ್ಟಲೆ ಬಾಯಿಪಾಠ ಮಾಡಿಕೊಂಡಿದ್ದ ಒಂದೇ ಒಂದು ಸ್ವೀಡಿಷ್ ಪದವನ್ನು ಹುಡುಕಿದ. ಇತ್ತು. ಮಂಜೂರಾಗಿದೆ.

ಅಲ್ಲೇ ಮೆಟ್ಟುಬಿಡುವ ಜಾಗದಲ್ಲಿ ನೆಲದ ಮೇಲೆ ಕೂತ. ಆಮೇಲೆ ಮೊದಲ ಪುಟದಿಂದ ಓದತೊಡಗಿದ, ಗೊತ್ತಿಲ್ಲದ ಪದವನ್ನು ಫೋನಿನಲ್ಲಿ ನೋಡಿಕೊಂಡು, ಒಂದೊಂದಾಗಿ. ಮೂರನೇ ಪುಟದಲ್ಲಿ ಅವನ ಪತ್ರದ ಸಾರಾಂಶವಿತ್ತು. ಊರುಗಳ ಹೆಸರಿದ್ದವು. ಅದರ ಕೆಳಗೆ, ಅರ್ಜಿದಾರರ ಮಗಳು ಪತ್ರದ ಕೊನೆಯಲ್ಲಿ ಹೀಗೆ ಸೇರಿಸಿದ್ದಾರೆ, ಎಂದು ಮೂರು ಸಾಲು. ಇವನು ಹೇಳಿ ಬರೆಸಿದ್ದಲ್ಲ ಅದು.

"ನನ್ನ ಅಪ್ಪನಿಗೆ ಅಮೆರಿಕದ ಹದಿನಾಲ್ಕು ಊರುಗಳ ದಾರಿ ಗೊತ್ತು. ನನ್ನ ಶಾಲೆಯ ದಾರಿ ಗೊತ್ತಿಲ್ಲ. ಅವನಿಗೆ ಇನ್ನೂ ಸ್ವಲ್ಪ ಸಮಯ ಕೊಡಿ."

ಬಿಚ್ಚಿದ್ದ ದಾರ ಕಟ್ಟಿಕೊಂಡ. ಇಂದುಮತಿಗೆ ಫೋನು ಮಾಡಿದಾಗ ಹಿನ್ನೆಲೆಯಲ್ಲಿ ದಾಗಿಸ್‌ನ ಮಕ್ಕಳ ಗಲಾಟೆ.

"ಸಿಕ್ತು" ಎಂದ.

ಅವಳು ಅತ್ತಳು. ಅತ್ತು, ಮೂಗು ಒರೆಸಿಕೊಂಡು, "ಲಾವಣ್ಯಂಗೆ ಹೇಳಿದ್ರಾ?" ಎಂದಳು.

"ಸ್ಕೂಲಿಗೇ ಹೋಗಿ ಹೇಳ್ತೀನಿ."

"ದಾರಿ ಗೊತ್ತಾ?"

"ಇಲ್ಲ."

ದೋಣಿಯಲ್ಲಿ ನದಿ ದಾಟಿ ಟ್ರಾಮ್ ನಿಲ್ದಾಣದಲ್ಲಿ ನಿಂತಾಗ ಫೋನಿನ ನಕ್ಷೆ ತೆರೆದ, ಯಾಕೋ ಬೇಡವೆನಿಸಿ ಜೇಬಿಗೆ ಹಾಕಿದ. ತನ್ನ ಹರಕುಮುರುಕು ಸ್ವೀಡಿಷ್‌ನಲ್ಲಿ ನಾಯಿ ಹಿಡಿದಿದ್ದ ಮುದುಕನನ್ನು ಕೇಳಿದ. ಬೇಕರಿಯ ಹುಡುಗಿಯನ್ನು ಕೇಳಿದ. ತಪ್ಪು ಬೀದಿ ಹಿಡಿದು, ಹಿಂದಕ್ಕೆ ತಿರುಗಿ, ಮಗುವಿನ ಗಾಡಿ ತಳ್ಳುತ್ತಿದ್ದವಳನ್ನು ಕೇಳಿದ. ಅವಳು ಎರಡು ತಿರುವು ಜೊತೆಗೇ ಬಂದು ತೋರಿಸಿದಳು. ಗುಡ್ಡದ ಮೇಲೆ ಕೆಂಪಿಟ್ಟಿಗೆಯ ಕಟ್ಟಡ. ಊಟದ ಬಿಡುವಿನ ಹೊತ್ತು.

ಗೆಳತಿಯರ ಗುಂಪಿನೊಂದಿಗೆ ಹೊರಬಂದ ಲಾವಣ್ಯಾ ಮೆಟ್ಟಿಲ ಮೇಲೆ ಗಕ್ಕನೆ ನಿಂತಳು. ಇಲ್ಲಿಗೆ ಹೇಗೆ ಬಂದೆ, ದಾರಿ ಹೇಗೆ ಸಿಕ್ಕಿತು ಎಂದು ಸ್ವೀಡಿಷ್‌ನಲ್ಲೇ ಕೂಗಿದಳು. ಅಷ್ಟು ಅವನಿಗೆ ಅರ್ಥವಾಗುತ್ತಿತ್ತು.

"ಕೇಳ್ಕೊಂಡು ಬಂದೆ" ಎಂದ.

ಅವಳ ಕಣ್ಣು ಅವನ ಕೈಯಲ್ಲಿದ್ದ ಪತ್ರದ ಮೇಲೆ ಬಿತ್ತು. ಅದು ಮೂರನೇ ಪುಟಕ್ಕೆ ಮಡಚಿತ್ತು. ಅವಳ ಮುಖ ಬಿಳಿಚಿತು, ಕೆಂಪಾಯಿತು.

"ಟೈಮ್ ಕೊಟ್ರು ಕಣೆ" ಎಂದ ಮಹಾಬಲೇಶ್ವರ.