ಗುಳಿಗೆಯನ್ನೂ ಬಿಡಲಿಲ್ಲ, ಗಾರೆಯನ್ನೂ ಬಿಡಲಿಲ್ಲ

ಬೆಳಗಿನ ಐದೂವರೆ. ಹೈದರಾಬಾದಿನ ಮಲ್ಕಾಜ್‌ಗಿರಿ ರೈಲು ನಿಲ್ದಾಣದ ಹಿಂಬದಿಯಲ್ಲಿ ಏಳುತ್ತಿರುವ ಆರು ಅಂತಸ್ತಿನ ಕಟ್ಟಡದಲ್ಲಿ ಇನ್ನೂ ಯಾರ ಸುಳಿವಿಲ್ಲ. ನೆಲಮಹಡಿಯಲ್ಲಿ ಭಕ್ತಿ ಒಬ್ಬಳೇ ಕುಕ್ಕರಗಾಲಿನಲ್ಲಿ ಕೂತು, ಐವತ್ತು ಕಿಲೋ ಸಿಮೆಂಟಿನ ಚೀಲ ಬಿಚ್ಚಿ, ಅರ್ಧವನ್ನು ಖಾಲಿ ಚೀಲಕ್ಕೆ ಸುರಿಯುತ್ತಿದ್ದಾಳೆ. ಮೂಗು-ಬಾಯಿಗೆ ದುಪಟ್ಟಾ ಬಿಗಿದಿದ್ದಾಳೆ. ಎದೆಯ ಮೇಲೆ, ಅಂಗಿಯ ಒಳಗೆ, ಮಡಚಿದ ಹಳೆಯ ಟವೆಲ್ಲು. ಚೀಲದ ಅಂಚು ಸುಮ್ಮನೆ ತಾಗಿದರೂ ಅಲ್ಲಿ ಹುಣ್ಣು ಮುಟ್ಟಿದಂತೆ ನೋಯುತ್ತದೆ. ಉಳಿದವರು ಏಳು ಗಂಟೆಗೆ ಬರುವಷ್ಟರಲ್ಲಿ ಆರು ಚೀಲ ನಾಲ್ಕನೇ ಮಹಡಿ ಸೇರಿರಬೇಕು. ಅಂದರೆ ಹನ್ನೆರಡು ಸಲ ಹತ್ತಬೇಕು, ಹನ್ನೆರಡು ಸಲ ಇಳಿಯಬೇಕು.

"ಮೊದಲ ಇಡೀ ಚೀಲ ಒಮ್ಮೆಲೆ ಒಯ್ತಿದ್ದೆ ರೀ. ಈಗ ಆಗಂಗಿಲ್ಲ. ಆಗಂಗಿಲ್ಲಂದ್ರ ಎರಡ ಸಲ ಹೋಗ್ತೀನಿ. ಚೀಲ ಮ್ಯಾಲೆ ಮುಟ್ಟಿದ್ರ ಆತಲ್ಲ," ಎನ್ನುತ್ತಾ ಅವಳು ಮೊದಲ ಅರ್ಧವನ್ನು ತಲೆಗೇರಿಸಿಕೊಳ್ಳುತ್ತಾಳೆ.

ಮೂವತ್ತೆರಡರ ಭಕ್ತಿ ಯಾದಗಿರಿ ಜಿಲ್ಲೆಯ ಸುರಪುರದ ಕಡೆಯವಳು. ಹದಿನಾರನೇ ವಯಸ್ಸಿನಲ್ಲಿ ಊರವರ ಗುಂಪಿನೊಂದಿಗೆ ಹೈದರಾಬಾದಿಗೆ ಬಂದಾಗ ಎಲ್ಲರ ಕಣ್ಣಿಗೂ ಹುಡುಗ. ಗಟ್ಟಿ ಆಳು ಎಂದು ಮೇಸ್ತ್ರಿಗಳು ತಮ್ಮ ತಮ್ಮ ಸೈಟಿಗೆ ಎಳೆದಾಡುತ್ತಿದ್ದರು. ತಾನು ಹೆಣ್ಣು ಎಂಬುದನ್ನು ಅವಳು ಚಿಕ್ಕಂದಿನಿಂದಲೇ ಬಲ್ಲಳು. ಅದನ್ನು ಬಾಯಿಬಿಟ್ಟು ಹೇಳಲು ಇಪ್ಪತ್ತೆಂಟು ವರ್ಷ ಬೇಕಾಯಿತು.

ಹೇಳಿದ ಮೇಲೆ ಕಾಯುವ ತಾಳ್ಮೆ ಉಳಿಯಲಿಲ್ಲ. ಅದರಲ್ಲಿ ಹೆಣ್ಣು ಹಾರ್ಮೋನು ಇರುತ್ತದೆ ಎಂಬ ಗೆಳತಿಯೊಬ್ಬಳ ಮಾತು ಕೇಳಿ, ಕೋಠಿಯ ಔಷಧಿ ಅಂಗಡಿಗೆ ಹೋಗಿ ಗರ್ಭನಿರೋಧಕ ಗುಳಿಗೆ ತಂದಳು. ದಿನಕ್ಕೊಂದು ನುಂಗುವಂಥದ್ದನ್ನು ನಾಲ್ಕು ನುಂಗಿದಳು. ಡಾಕ್ಟರನ್ನು ಕಾಣಲಿಲ್ಲ, ರಕ್ತಪರೀಕ್ಷೆ ಮಾಡಿಸಲಿಲ್ಲ. ಜೊತೆಗೆ ದಿನಕ್ಕೊಂದು ಕಟ್ಟು ಬೀಡಿ. ಚರ್ಮ ನುಣುಪಾಯಿತು, ಎದೆ ಮೂಡಿತು, ಕನ್ನಡಿಯ ಮುಂದೆ ನಿಲ್ಲುವ ಆಸೆ ಹುಟ್ಟಿತು. ಏಳನೇ ತಿಂಗಳಲ್ಲಿ ಎಡಗಾಲಿನ ಮೀನಖಂಡ ಬಾತುಕೊಂಡು, ಬಿಸಿಯಾಗಿ, ಹೆಜ್ಜೆ ಊರಲು ಬಾರದಾಯಿತು. ಪಕ್ಕದ ತಗಡಿನ ಶೆಡ್ಡಿನಲ್ಲಿರುವ ಗುರುಬಾಯಿ, ಬೀದರ ಕಡೆಯ ಐವತ್ತೈದರ ಗಾರೆ ಕೆಲಸದಾಕೆ, ಅವಳನ್ನು ಆಟೊಗೆ ಹಾಕಿಕೊಂಡು ಆಸ್ಪತ್ರೆಗೆ ಓಡಿದಳು. ರಕ್ತನಾಳದಲ್ಲಿ ಹೆಪ್ಪು ಕಟ್ಟಿತ್ತು. ತಡವಾಗಿದ್ದರೆ ಅದು ಶ್ವಾಸಕೋಶಕ್ಕೆ ಏರಬಹುದಿತ್ತು.

"ಡಾಕ್ಟರಮ್ಮ ಬೈಲಿಲ್ಲ ರೀ. ಹೆಣ್ಣಾಗೂದು ತಪ್ಪಲ್ಲವ್ವ, ಯಾರನ್ನೂ ಕೇಳದ ನುಂಗೂದು ತಪ್ಪು ಅಂದ್ರು. ಅಷ್ಟ ಅಂದಿದ್ದಕ್ಕ ನಾ ಮತ್ತ ಅವರ ಕಡೆನ ಹೋದೆ."

ರಕ್ತ ತೆಳುವಾಗಿಸುವ ಔಷಧಿಯಲ್ಲಿ ಆರು ತಿಂಗಳು ಕಳೆದವು. ಹಾರ್ಮೋನು ಪೂರ್ತಿ ಬಂದ್. ಗದ್ದದ ಮೇಲೆ ಕೂದಲು ಮತ್ತೆ ಒರಟಾಗುವುದನ್ನು ಬೆರಳಿನಲ್ಲಿ ಮುಟ್ಟಿ ಮುಟ್ಟಿ ನೋಡುತ್ತಿದ್ದಳು. ಕಾಲುನೋವಿಗಿಂತ ಅದೇ ಹೆಚ್ಚು ನೋಯಿಸಿತು. ಬೀಡಿ ಬಿಟ್ಟಳು. ಆಮೇಲೆ ಡಾಕ್ಟರಮ್ಮ ಎಲ್ಲ ಪರೀಕ್ಷೆ ಮಾಡಿಸಿ, ವಾರಕ್ಕೆರಡು ಸಲ ಚರ್ಮಕ್ಕೆ ಅಂಟಿಸುವ ಹಾರ್ಮೋನಿನ ಪಟ್ಟಿಯನ್ನೂ ಗಂಡು ಹಾರ್ಮೋನು ತಗ್ಗಿಸುವ ಗುಳಿಗೆಯನ್ನೂ ಬರೆದುಕೊಟ್ಟರು. ಮೂರು ತಿಂಗಳಿಗೊಮ್ಮೆ ರಕ್ತ ಕೊಟ್ಟು ಬರುತ್ತಾಳೆ.

ಸರಿಯಾದ ಔಷಧಿಯೂ ಸುಲಭದ್ದಲ್ಲ. ಬೆವರಿಗೆ ಪಟ್ಟಿ ಕಿತ್ತು ಬರುತ್ತದೆ. ಎದ್ದು ನಿಂತರೆ ತಲೆ ಗಿರ್ರೆನ್ನುತ್ತದೆ. ಗಂಟೆಗೊಮ್ಮೆ ಮೂತ್ರಕ್ಕೆ ಹೋಗಬೇಕು. ಬಿಸಿಲಲ್ಲಿ ಎಲ್ಲರೂ ಎಳನೀರು ಕುಡಿಯುವಾಗ ಅವಳು ಕುಡಿಯುವಂತಿಲ್ಲ, ಆ ಗುಳಿಗೆಗೆ ಅದು ಆಗದು ಎಂದಿದ್ದಾರೆ. ತೋಳಿನ ಬಲ ತಿಂಗಳಿಂದ ತಿಂಗಳಿಗೆ ಇಳಿಯಿತು. ಇದರ ಜೊತೆಗೆ ಅಳು. ಗಾರೆಬುಟ್ಟಿ ತಲೆಯ ಮೇಲಿರುವಾಗಲೇ, ಯಾರೂ ಏನೂ ಅನ್ನದಿದ್ದರೂ, ಕಣ್ಣೀರು ಸುರಿಯುತ್ತದೆ.

"ಅಳು ಬಂದ್ರ ಅಳ್ತೀನಿ. ಅಳಕೋಂತ ಬುಟ್ಟಿ ಒಯ್ಯಾಕ ಬರ್ತೈತಿ," ಎನ್ನುತ್ತಾಳೆ. ಆದರೆ ಅಳುವೂ ಬಾರದ ದಿನಗಳಿದ್ದವು. ಒಮ್ಮೆ ಮೂರು ದಿನ ಶೆಡ್ಡಿನ ಬಾಗಿಲು ತೆರೆಯದೆ ಗೋಡೆ ನೋಡುತ್ತ ಮಲಗಿದ್ದಳು. ಗುರುಬಾಯಿ ಜೋಳದ ರೊಟ್ಟಿ ಹಿಡಿದು ಹೊರಗೇ ಕೂತಳು. "ನೀ ಮಾತಾಡಬ್ಯಾಡ. ಬಾಗಲಾ ತಗಿ, ಉಣ್ಣು," ಎಂದಳು. ಮರುದಿನ ಇಬ್ಬರೂ ಡಾಕ್ಟರ ಬಳಿ ಹೋಗಿ ಇದನ್ನೂ ಹೇಳಿದರು. ಅಂದಿನಿಂದ ಹದಿನೈದು ದಿನಕ್ಕೊಮ್ಮೆ ಸಿಕಂದರಾಬಾದಿನಲ್ಲಿ ಆಪ್ತಸಲಹೆಗಾರ್ತಿಯೊಬ್ಬರ ಎದುರು ಕೂತು ಮನಸ್ಸು ಬಿಚ್ಚಿ ಮಾತಾಡಿ ಬರುತ್ತಾಳೆ.

ಮೇಸ್ತ್ರಿ ಹುಲಗೇಶ ಅವಳ ಊರ ಕಡೆಯವನೇ. ಅವಳು ಅರ್ಧ ಚೀಲ ಹೊರುವುದನ್ನು ಕಂಡ ದಿನ ಎಲ್ಲರೆದುರು ಅಂದ: "ಗುಳಿಗಿ ಬಿಡು, ಇಲ್ಲಂದ್ರ ಕೆಲಸ ಬಿಡು."

"ಎರಡೂ ಬಿಡಂಗಿಲ್ಲ," ಎಂದಳು ಭಕ್ತಿ. "ದಿನಾ ಚೀಲ ಎಣಿಸು. ಒಂದರೆ ಕಡಿಮಿ ಬಿದ್ರ ಆವಾಗ ಬಂದು ಹೇಳು."

ಮರುದಿನದಿಂದ ಎಲ್ಲರಿಗಿಂತ ಒಂದೂವರೆ ತಾಸು ಮೊದಲೇ ಬಂದಳು. ಹುಲಗೇಶ ಒಂದು ತಿಂಗಳು ಎಣಿಸಿದ. ಒಂದೂ ಕಡಿಮೆ ಬೀಳಲಿಲ್ಲ. ಎರಡನೇ ತಿಂಗಳು ಎಣಿಸುವುದನ್ನೇ ಬಿಟ್ಟ.

ಕಳೆದ ಮೇ ತಿಂಗಳಲ್ಲಿ ಇನ್ನೊಂದು ತೊಂದರೆ ಬಂತು. ಸೈಟಿನಲ್ಲಿದ್ದ ಒಂದೇ ಶೌಚಾಲಯ ಆಫೀಸಿನವರದು, ಅದಕ್ಕೆ ಬೀಗ. ಹೆಂಗಸರು ನೀರು ಕುಡಿಯದೆ ಸಂಜೆಯವರೆಗೆ ತಡೆದುಕೊಳ್ಳುತ್ತಿದ್ದರು. ಭಕ್ತಿಯೂ ಹಾಗೇ ಮಾಡಿದಳು. ಆ ಗುಳಿಗೆ ನುಂಗುವವರು ನೀರು ಕುಡಿಯದಿದ್ದರೆ ಅಪಾಯ. ಒಂದು ಮಧ್ಯಾಹ್ನ ಮೂರನೇ ಮಹಡಿಯಲ್ಲಿ ಕುಸಿದುಬಿದ್ದಳು. ಮಾರನೇ ಬೆಳಿಗ್ಗೆ ಕೆಲಸ ಮುಟ್ಟದೆ ಆಫೀಸಿನ ಬಾಗಿಲಿಗೆ ಅಡ್ಡ ಕೂತಳು. ಪಕ್ಕದಲ್ಲಿ ಗುರುಬಾಯಿ ಕೂತಳು. ಒಂಬತ್ತರ ಹೊತ್ತಿಗೆ ಹನ್ನೊಂದು ಮಂದಿ ಹೆಂಗಸರು. ಸ್ಲ್ಯಾಬಿನ ಕೆಲಸ ನಿಂತಿತು. ಇಂಜಿನಿಯರು ಕೀಲಿ ತಂದು, ಭಕ್ತಿಯನ್ನು ಅಡಿಯಿಂದ ಮುಡಿಯವರೆಗೆ ನೋಡಿ, "ಸಿರ್ಫ್ ಲೇಡೀಸ್," ಹೆಂಗಸರಿಗೆ ಮಾತ್ರ, ಎಂದ.

"ಹಾಂ ಸಾಬ್, ಸಿರ್ಫ್ ಲೇಡೀಸ್," ಎನ್ನುತ್ತ ಗುರುಬಾಯಿ ಕೀಲಿ ಇಸಿದುಕೊಂಡು ಭಕ್ತಿಯ ಕೈಗಿಟ್ಟಳು. ಉಳಿದವರಲ್ಲಿ ಇಬ್ಬರು ಮುಖ ತಿರುಗಿಸಿದರು. ಆದರೂ ಎದ್ದು ಹೋಗಲಿಲ್ಲ.

ಏಳು ಗಂಟೆ. ಹನ್ನೆರಡನೇ ಸಲ ಹತ್ತಿ ಬಂದ ಭಕ್ತಿ ನಾಲ್ಕನೇ ಮಹಡಿಯ ಅಂಚಿನಲ್ಲಿ ಕೂತು ಮುಖ ಒರೆಸಿಕೊಳ್ಳುತ್ತಾಳೆ. ಕೆಳಗೆ ಕೆಲಸಗಾರರು ಒಬ್ಬೊಬ್ಬರಾಗಿ ಬರುತ್ತಿದ್ದಾರೆ. ಮುಂದೇನು ಆಸೆ ಎಂದರೆ ದುಪಟ್ಟಾ ಕೊಡವಿ ಹೆಗಲಿಗೆ ಹಾಕಿಕೊಳ್ಳುತ್ತಾಳೆ.

"ನನಗ ಅರವತ್ತ ಆಗಬೇಕ್ರಿ. ತಲಿ ಬೆಳ್ಳಗಾಗಬೇಕು, ಮೊಣಕಾಲ ನೋಯಬೇಕು, ಹುಡುಗ್ಯಾರು ಆಯಿ ಅಂತ ಕರೀಬೇಕು. ಈ ಕೆಲಸದಾಗ ನನ್ನಂಥಾಕಿ ಮುದುಕಿ ಆಗಿದ್ದು ನಾ ಒಬ್ಬಾಕಿನೂ ನೋಡಿಲ್ಲ. ಆಗಿ ತೋರಸ್ತೀನಿ."