ಹಾಡಿಗೆ ಬೆನ್ನು ಹಾಕಿ ನಿಂತ ನೀರಣ್ಣ

ಬೆಳಗಿನ ಆರು ಗಂಟೆಗೆ ಇನ್ನೂ ಹತ್ತು ನಿಮಿಷವಿದೆ. ಊರಾಚೆಯ ಬಯಲು ರಂಗಮಂದಿರದಲ್ಲಿ ಈ ಹೊತ್ತಿಗೆ ಇರುವುದು ಒಬ್ಬರೇ ಮನುಷ್ಯರು, ಒಂದು ಸ್ಪ್ಯಾನರು ಮತ್ತು ನಲವತ್ತಾರು ಕಬ್ಬಿಣದ ತಡೆಗಳು. ಎದೆಮಟ್ಟಕ್ಕೆ ಬರುವ ಈ ತಡೆಗಳನ್ನು ಅವರು ವೇದಿಕೆಯ ಉದ್ದಕ್ಕೂ ಒಂದಕ್ಕೊಂದು ಕೂಡಿಸಿ ಬೋಲ್ಟು ಬಿಗಿಯುತ್ತಾರೆ. ಬಿಗಿದ ಮೇಲೆ ಸೊಂಟ ಕೊಟ್ಟು ಜೋರಾಗಿ ಒಮ್ಮೆ ನೂಕುತ್ತಾರೆ. ಆಮೇಲೆ ವೈದ್ಯರು ನಾಡಿ ನೋಡುವ ಹಾಗೆ ಕಬ್ಬಿಣದ ಮೇಲೆ ಅಂಗೈಯಿಟ್ಟು ಕಣ್ಣು ಮುಚ್ಚಿ ನಿಲ್ಲುತ್ತಾರೆ. ಬೋಲ್ಟು ಸಡಿಲವಿದ್ದರೆ ಕಬ್ಬಿಣ ನಡುಗುತ್ತದೆ. ಮೊದಲು ಆ ಗಡಗಡ ಅವರಿಗೆ ಕೇಳಿಸುತ್ತಿತ್ತು. ಈಗ ಇಲ್ಲ.

“ಕಿವಿ ಕೈಕೊಡ್ತು. ಅದಕ್ಕೆ ಈಗ ಕೈಯನ್ನೇ ಕಿವಿ ಮಾಡ್ಕೊಂಡಿದೀನಿ” ಎಂದು ನಗುತ್ತಾರೆ. ನಗು ಬಂದಷ್ಟೇ ಬೇಗ ಹೋಗುತ್ತದೆ. ಇಪ್ಪತ್ತೆರಡನೆಯ ತಡೆಯ ಹತ್ತಿರ ಬಂದಾಗ ಮಾತ್ರ ಎರಡು ಸಲ ನೂಕುತ್ತಾರೆ. ಯಾಕೆಂದು ಕೇಳಿದರೆ ಮುಂದಿನದಕ್ಕೆ ಹೋಗುತ್ತಾರೆ.

ಸಂಗೀತ ಸಂಜೆಗಳಿಗೆ ಬರುವವರು ಇವರನ್ನು ನೀರಣ್ಣ ಎಂದು ಕರೆಯುತ್ತಾರೆ. ವಯಸ್ಸು ಐವತ್ತೆಂಟು. ವೇದಿಕೆಗೂ ತಡೆಗೂ ನಡುವೆ ಎರಡು ಮಾರು ಅಗಲದ ಒಂದು ಓಣಿಯಿದೆ. ಹಾಡು ಶುರುವಾದಾಗಿನಿಂದ ಮುಗಿಯುವ ತನಕ ಆ ಓಣಿಯಲ್ಲಿ ಜನರತ್ತ ಮುಖ ಮಾಡಿ ನಿಲ್ಲುವುದು ಇವರ ಕೆಲಸ. ಮುಂದಿನ ಸಾಲಿನವರಿಗೆ ಲೋಟಗಳಲ್ಲಿ ನೀರು ಕೊಡುತ್ತಾರೆ. ನೂಕುನುಗ್ಗಲಿನಲ್ಲಿ ಉಸಿರು ಸಿಕ್ಕಿಕೊಂಡವರನ್ನು ಕಂಕುಳಿಗೆ ಕೈ ಹಾಕಿ ತಡೆಯ ಈಚೆಗೆ ಎತ್ತಿಕೊಳ್ಳುತ್ತಾರೆ. ಒಂದು ದೊಡ್ಡ ಸಂಜೆಗೆ ಸಾವಿರದಿನ್ನೂರು ಲೋಟ ನೀರು, ಎತ್ತಬೇಕಾದವರು ಮೂವತ್ತರಿಂದ ನಲವತ್ತು ಜನ. ಇಪ್ಪತ್ತನಾಲ್ಕು ವರ್ಷದಲ್ಲಿ ಆರುನೂರಕ್ಕೂ ಹೆಚ್ಚು ಕಾರ್ಯಕ್ರಮಗಳಲ್ಲಿ ನಿಂತಿದ್ದಾರೆ, ಒಂದನ್ನೂ ನೋಡಿಲ್ಲ.

“ಗಾಯಕರೆಲ್ಲ ನನ್ನ ಬೆನ್ನಿಗೇ ಪರಿಚಯ” ಎನ್ನುತ್ತಾರೆ. “ನಾನು ನೋಡೋದು ಮುಖ. ಕೈ ಮೇಲೆತ್ತಿ ಕುಣಿಯೋರ ಭಯ ಇಲ್ಲ. ಕೈ ಕೆಳಗೆ ಸಿಕ್ಕಿಹಾಕ್ಕೊಂಡಿರೋರನ್ನ ಹುಡುಕ್ಬೇಕು. ಎಲ್ಲರೂ ಹಾಡ್ತಿರುವಾಗ ಒಬ್ಬರ ಬಾಯಿ ಸುಮ್ನೆ ತೆರೆದಿರುತ್ತೆ ನೋಡಿ, ಅವರು ಹಾಡ್ತಿಲ್ಲ. ಉಸಿರು ಹುಡುಕ್ತಿದಾರೆ.”

ಈ ಕೆಲಸಕ್ಕೆ ಬರುವ ಮುಂಚೆ ಅವರು ಮುದ್ರಣಾಲಯವೊಂದರಲ್ಲಿ ಕಾಗದದ ರಿಮ್ಮು ಹೊರುತ್ತಿದ್ದರು. ಭಾವಮೈದ ಮೂರು ದಿನದ ಮಟ್ಟಿಗೆಂದು ಇಲ್ಲಿಗೆ ಕರೆತಂದ. ಆ ಮೂರು ದಿನ ಮುಗಿಯಲೇ ಇಲ್ಲ. ಎಡಗಿವಿ ಸದಾ ದೊಡ್ಡ ಸ್ಪೀಕರಿನ ಕಡೆಗಿರುತ್ತಿದ್ದುದರಿಂದ ಮೊದಲು ಹೋದದ್ದು ಅದೇ. ಬಲಗಿವಿಯಲ್ಲಿ ಈಗ ಅರ್ಧ ಉಳಿದಿದೆ. ಬಟ್ಟೆ ಇಸ್ತ್ರಿ ಮಾಡುವ ಅಂಗಡಿಯಲ್ಲಿ ದುಡಿಯುವ ಹೆಂಡತಿ ದೂರು ಹೇಳುವುದೂ ಇದನ್ನೇ: “ಬೇರೆ ಮನೆಗಳಲ್ಲಿ ಅಡುಗೆ ಮಾಡ್ತಾ ಮಾಡ್ತಾನೇ ಗಂಡನಿಗೆ ಬೈಬಹುದು. ನಾನು ಒಲೆ ಆರಿಸಿ, ಇವರ ಎದುರಿಗೆ ಬಂದು ನಿಂತು, ಮುಖ ನೋಡಿ ಬೈಬೇಕು. ಅಷ್ಟರಲ್ಲಿ ಸಿಟ್ಟೇ ಇಳಿದುಹೋಗಿರುತ್ತೆ.”

ಇಬ್ಬರದೂ ಎರಡು ಕೋಣೆಯ ಮನೆ. ಕಿಟಕಿ ತೆರೆದರೆ ಪಕ್ಕದ ಮನೆಯ ಗೋಡೆ. ಅಲ್ಲಿ ರೇಡಿಯೋ ಇಲ್ಲ. ಇದ್ದದ್ದನ್ನು ಹನ್ನೊಂದು ವರ್ಷದ ಹಿಂದೆ ಅವರೇ ಯಾರಿಗೋ ಕೊಟ್ಟುಬಿಟ್ಟರು.

ಹನ್ನೊಂದು ವರ್ಷದ ಹಿಂದಿನ ಆ ಸಂಜೆ ಇನ್ನೂ ಬಿಸಿಲಿತ್ತು. ಹಿಂದಿನ ಬಾಗಿಲನ್ನು ಹೊತ್ತಿಗೆ ಸರಿಯಾಗಿ ತೆರೆದಿರಲಿಲ್ಲ. ಹೊರಗೆ ಸಾವಿರಾರು ಜನ ಕಾಯುತ್ತಿದ್ದರು. ಕಾರ್ಯಕ್ರಮ ಶುರುವಾಗಿ ಒಂದು ಗಂಟೆಯಾದ ಮೇಲೆ ಯಾರೋ ಬಾಗಿಲು ತೆರೆದರು. ಎಲ್ಲರಿಗೂ ಬಾಯಿಪಾಠವಿದ್ದ ಹಾಡೊಂದರ ಗಿಟಾರು ಅದೇ ಕ್ಷಣಕ್ಕೆ ಮೊಳಗಿತು. ಹೊರಗಿದ್ದವರು ಹಾಡು ತಪ್ಪಿಹೋಗುತ್ತದೆಂದು ಓಡಿದರು. ಹಿಂದಿನವರ ಭಾರವೆಲ್ಲ ಮುಂದಿನವರ ಎದೆಯ ಮೇಲೆ ಬಿತ್ತು. ಮುಂದೆ ಏನಾಗುತ್ತಿದೆಯೆಂದು ಹಿಂದಿನವರಿಗೆ ಗೊತ್ತಾಗಲಿಲ್ಲ, ಅವರು ಹಾಡುತ್ತಲೇ ಇದ್ದರು. ನೀರಣ್ಣ ಹತ್ತೊಂಬತ್ತು ಜನರನ್ನು ಎತ್ತಿ ಈಚೆಗೆ ಹಾಕಿದರು. ಮೂರು ಜನ ಉಳಿಯಲಿಲ್ಲ.

ಮೂವರಲ್ಲಿ ಒಬ್ಬಳು ಹತ್ತೊಂಬತ್ತು ವರ್ಷದ ಹುಡುಗಿ. ಇಪ್ಪತ್ತೆರಡನೆಯ ತಡೆಯ ಹಿಂದೆ ನಿಂತಿದ್ದವಳು.

“ಬಲಗೈಯಲ್ಲಿ ಅವಳ ಮಣಿಕಟ್ಟು ಇತ್ತು, ಎಡಗೈಯಲ್ಲಿ ಒಬ್ಬರು ಗಂಡಸರದ್ದು” ಎನ್ನುವಾಗ ನೀರಣ್ಣ ತಮ್ಮ ಕೈಗಳತ್ತ ನೋಡುವುದಿಲ್ಲ, ನೆಲ ನೋಡುತ್ತಾರೆ. “ಒಂದೊಂದು ಕೈಯಲ್ಲಿ ಒಬ್ಬೊಬ್ಬರನ್ನ ಎಳೆಯೋಕೆ ಆಗಲ್ಲ. ಆ ಗಂಡಸರು ಆಗಲೇ ಅರ್ಧ ಮೇಲೆ ಬಂದಿದ್ರು. ಅವರನ್ನ ತೆಗೆದುಬಿಟ್ರೆ ಜಾಗ ಆಗುತ್ತೆ, ಇವಳನ್ನ ಎಳ್ಕೋಬಹುದು ಅಂದ್ಕೊಂಡೆ. ಬಿಟ್ಟೆ. ಎರಡೂ ಕೈ ಹಾಕಿ ಅವರನ್ನ ತೆಗೆದೆ. ತಿರುಗಿ ನೋಡಿದ್ರೆ ಅವಳ ಜಾಗದಲ್ಲಿ ಬೇರೆ ಯಾರೋ ಇದ್ರು. ಐದು ಸೆಕೆಂಡು ಆಗಿರ್ಬಹುದು.”

ಬದುಕಿ ಹೋದ ಆ ಗಂಡಸು ಯಾರೆಂದು ಇವತ್ತಿಗೂ ಗೊತ್ತಿಲ್ಲ. ವಿಚಾರಣೆ ನಡೆಯಿತು. ಬಾಗಿಲು ತಡವಾಗಿ ತೆರೆದದ್ದನ್ನು ನೀರಣ್ಣ ಇದ್ದದ್ದು ಇದ್ದ ಹಾಗೆ ಹೇಳಿದರು. ಹೇಳಿದ್ದಕ್ಕೆ ಕೆಲಸ ಹೋಯಿತು, ಎರಡು ವರ್ಷ ಮನೆಯಲ್ಲಿ ಕೂತರು. ಆಡಳಿತ ಬದಲಾದ ಮೇಲೆ ಮತ್ತೆ ಕರೆ ಬಂತು. ತಡೆ ಗಟ್ಟಿಯಿತ್ತು, ಓಣಿಯಲ್ಲಿದ್ದ ಸಿಬ್ಬಂದಿಯ ತಪ್ಪಿಲ್ಲ ಎಂದು ವರದಿಯಲ್ಲಿ ಬರೆದಿತ್ತು. “ಅದನ್ನ ಓದಿದೀನಿ. ಪೂರ್ತಿ ಓದಿದೀನಿ. ಓದಿದ ಮೇಲೆ ನಿದ್ದೆ ಬರ್ಬೇಕಲ್ಲ, ಬರಲ್ಲ.”

ರಂಗಮಂದಿರದ ಹಿಂದೆ ತಗಡಿನ ಮಾಡಿನ ಹಳೆಯ ಕ್ಯಾಂಟೀನಿದೆ. ತಿಂಗಳ ಕೊನೆಯ ಭಾನುವಾರ ಬೆಳಿಗ್ಗೆ ಅಲ್ಲಿ ಮೂವತ್ತು ಕುರ್ಚಿ ಹಾಕುವುದೂ ನೀರಣ್ಣನವರ ಕೆಲಸವೇ, ಯಾರೂ ಹೇಳದೆ ಹಚ್ಚಿಕೊಂಡದ್ದು. ಅಲ್ಲಿ ನಡೆಯುವುದು ‘ಕೇಳಿದವರ ಕೂಟ’. ಆ ದುರಂತದ ಮಾರನೇ ವರ್ಷ ಶುರುವಾದದ್ದು. ಹಾಡು ಹಚ್ಚುವಂತಿಲ್ಲ, ವಿಡಿಯೊ ತೋರಿಸುವಂತಿಲ್ಲ. ತಾವು ಖುದ್ದಾಗಿ ಹೋಗಿ ಕೇಳಿದ ಒಂದು ಕಾರ್ಯಕ್ರಮದ ಅನುಭವವನ್ನು ಬಾಯಿಮಾತಿನಲ್ಲಿ ಹೇಳಬೇಕು, ಅಷ್ಟೇ. ಕೂಟ ನಡೆಸುವಾಕೆ ನಿವೃತ್ತ ಅಂಚೆ ಗುಮಾಸ್ತೆ. ಒಬ್ಬ ಗಾಯಕಿಯನ್ನು ಕೇಳಲು ಈಕೆ ಒಮ್ಮೆ ಮೂವತ್ತು ಗಂಟೆ ರೈಲಿನಲ್ಲಿ ಹೋಗಿದ್ದರಂತೆ. ಗಾಯಕಿ ಎರಡು ಹಾಡು ಹಾಡಿ, ಗಂಟಲು ಕಟ್ಟಿದೆ ಎಂದು ಕೈಮುಗಿದು ಹೊರಟುಹೋದರು. “ಮತ್ತೆ ಮೂವತ್ತು ಗಂಟೆ ವಾಪಸ್. ದಾರಿಯುದ್ದಕ್ಕೂ ಆ ಎರಡನ್ನೇ ಗುನುಗಿಕೊಂಡು ಬಂದೆ. ಎದುರಿಗೆ ಕೂತಿದ್ದವರು ಇಳಿದು ಬೇರೆ ಡಬ್ಬಿಗೆ ಹೋದ್ರು” ಎಂದು ಆಕೆ ಹೇಳಿದರೆ ಕ್ಯಾಂಟೀನು ನಗುತ್ತದೆ.

ಇನ್ನೊಬ್ಬರು ಬೇಕರಿಯವರು. ಒಳಗೆ ಬರಲಾಗದೆ ಏಳೆಂಟು ವರ್ಷ ಕಾಂಪೌಂಡಿನಾಚೆ ನಿಂತೇ ಕೇಳಿದವರು. ಗೋಡೆ ದಾಟಿ ಬರುತ್ತಿದ್ದುದು ಬರೀ ದಪ್ಪ ಸದ್ದು, ಸಣ್ಣ ಸ್ವರಗಳೆಲ್ಲ ಗೋಡೆಯಲ್ಲೇ ಉಳಿಯುತ್ತಿದ್ದವು. “ಮೊದಲನೇ ಸಲ ಒಳಗೆ ಬಂದು ಕೇಳಿದಾಗ, ಅಯ್ಯೋ, ಇಷ್ಟು ವರ್ಷ ನಾನು ಅರ್ಧ ಹಾಡನ್ನೇ ಪೂರ್ತಿ ಅಂದ್ಕೊಂಡಿದ್ದೆನಲ್ಲ ಅಂತ ಅಳು ಬಂತು” ಎನ್ನುತ್ತಾರೆ.

ನೀರಣ್ಣ ಬಾಗಿಲ ಪಕ್ಕದ ಸ್ಟೂಲಿನ ಮೇಲೆ ಕೂತು ಮಾತಾಡುವವರ ತುಟಿ ನೋಡುತ್ತಾರೆ. ಇಷ್ಟು ವರ್ಷ ಮುಖ ಓದಿದ ಅಭ್ಯಾಸ ಇಲ್ಲಿ ಉಪಯೋಗಕ್ಕೆ ಬಂದಿದೆ. ತಮ್ಮ ಬೆನ್ನ ಹಿಂದೆ ಏನೇನಾಗುತ್ತಿತ್ತು ಎಂಬುದು ಅವರಿಗೆ ತಿಳಿದದ್ದೆಲ್ಲ ಈ ತುಟಿಗಳಿಂದಲೇ.

ಮೂರು ವರ್ಷದ ಹಿಂದಿನ ಒಂದು ಭಾನುವಾರ ಹೊಸಬರೊಬ್ಬರು ಬಂದು ಹಿಂದಿನ ಕುರ್ಚಿಯಲ್ಲಿ ಕೂತರು. ಕೊರಳಲ್ಲಿ ಅಳತೆಯ ಟೇಪು ಹಾಗೇ ಇತ್ತು, ಕೆಲಸದಿಂದ ಎದ್ದು ಬಂದ ಹೊಲಿಗೆಯಾಕೆ. ಸರದಿ ಬಂದಾಗ ಎದ್ದು ನಿಂತು ಆಕೆ ಹೇಳಿದ್ದು ಇಷ್ಟು: “ನಾನು ಯಾವ ಕಾರ್ಯಕ್ರಮಕ್ಕೂ ಹೋದವಳಲ್ಲ. ನನ್ನ ಮಗಳು ಹೋಗಿದ್ಲು. ಗೆಳತಿ ಮನೇಲಿ ಓದ್ಕೋತೀನಿ ಅಂತ ಸುಳ್ಳು ಹೇಳಿ ಹೋಗಿದ್ಲು. ಹೇಗೆ ಹೋದಳು ಅಂತ ಎಲ್ಲರೂ ಹೇಳಿದಾರೆ, ಪೇಪರಿನವರು, ಪೊಲೀಸರು, ಡಾಕ್ಟರು. ಅದಕ್ಕೆ ಮುಂಚೆ ಹೇಗಿತ್ತು ಅಂತ ಯಾರೂ ಹೇಳಿಲ್ಲ. ನಿಮ್ಮಲ್ಲಿ ಯಾರಾದ್ರೂ ಅವತ್ತು ಇದ್ರಾ?”

ನಾಲ್ಕೈದು ಜನ ಇದ್ದರು. ಆದರೆ ಏಳು ವರ್ಷದಲ್ಲಿ ಯಾರೊಬ್ಬರೂ ಆ ಸಂಜೆಯ ಬಗ್ಗೆ ಕೂಟದಲ್ಲಿ ಬಾಯಿ ಬಿಟ್ಟಿರಲಿಲ್ಲ. ಕೊನೆಗೆ ಬೇಕರಿಯವರು ತಲೆತಗ್ಗಿಸಿ ಹೇಳಿದರು: “ಅಮ್ಮ, ಹೇಳಿದ್ರೆ ಪಾಪ ಅನ್ಸುತ್ತೆ. ಆ ಒಂದು ಗಂಟೆ ತುಂಬಾ ಚೆನ್ನಾಗಿತ್ತು. ನಾನು ಕೇಳಿದ್ದರಲ್ಲೆಲ್ಲ ಅದೇ ಚೆನ್ನಾಗಿತ್ತು.”

ಆಕೆ ಮಗಳ ಫೋಟೊ ತೆಗೆದರು. ಅದು ಕೈಯಿಂದ ಕೈಗೆ ದಾಟಿತು. ಒಬ್ಬರೂ ಗುರುತು ಹಿಡಿಯಲಿಲ್ಲ. ಹಿಡಿಯುವುದಾದರೂ ಹೇಗೆ, ಅವತ್ತು ಅವರೆಲ್ಲ ನೋಡುತ್ತಿದ್ದುದು ವೇದಿಕೆಯನ್ನು. ಕೊನೆಗೆ ಫೋಟೊ ಬಾಗಿಲ ಬಳಿಯ ಸ್ಟೂಲಿಗೆ ಬಂತು. ನೀರಣ್ಣ ನೋಡಿದರು. ತಲೆಯಲ್ಲಾಡಿಸಿ, ಇಲ್ಲ ಎಂದು ವಾಪಸು ಕೊಟ್ಟರು.

“ಸುಳ್ಳು ಹೇಳಿದೆ” ಎನ್ನುತ್ತಾರೆ. “ಎಂಟು ತಿಂಗಳು ಆಯಮ್ಮ ಬರ್ತಾ ಇದ್ರು. ಹೊಸಬರು ಯಾರು ಬಂದ್ರೂ ಫೋಟೊ ತೋರಿಸ್ತಿದ್ರು. ನಾನು ಎಂಟು ತಿಂಗಳೂ ಅವರಿಗೇ ಕುರ್ಚಿ ಹಾಕಿ, ಅವರನ್ನೇ ನೋಡ್ತಾ ಕೂತಿರ್ತಿದ್ದೆ.”

ಒಂಬತ್ತನೆಯ ತಿಂಗಳು ಕೂಟ ಮುಗಿದು ಎಲ್ಲರೂ ಹೊರಟ ಮೇಲೆ ಆಕೆ ಫೋಟೊವನ್ನು ಚೀಲಕ್ಕೆ ಹಾಕಿಕೊಳ್ಳುತ್ತಿದ್ದರು. ನೀರಣ್ಣ ಎದುರಿಗೆ ಹೋಗಿ ನಿಂತರು. ಹುಡುಗಿ ಕೂದಲಿಗೆ ಪೆನ್ಸಿಲು ಸಿಕ್ಕಿಸಿಕೊಂಡಿದ್ದಳು ಎಂದರು. ಹೊಲಿಗೆಯಾಕೆ ಚೀಲ ಕೆಳಗಿಟ್ಟು ಕೂತರು. ಪೆನ್ಸಿಲು ಆ ಫೋಟೊದಲ್ಲಿರಲಿಲ್ಲ, ಅದರ ವಿಷಯ ಯಾವ ಪೇಪರಿನಲ್ಲೂ ಬಂದಿರಲಿಲ್ಲ.

ಆಮೇಲೆ ನೀರಣ್ಣ ಎಲ್ಲವನ್ನೂ ಹೇಳಿದರು. ಹುಡುಗಿಗೆ ಎಲ್ಲ ಹಾಡೂ ಬರುತ್ತಿತ್ತು. ಎತ್ತರದ ಜಾಗ ಬಂದಾಗ ಕಣ್ಣು ಮುಚ್ಚಿಕೊಳ್ಳುತ್ತಿದ್ದಳು. ಪಕ್ಕದಲ್ಲಿದ್ದ ಅಪರಿಚಿತೆಯ ಹೆಗಲ ಮೇಲೆ ಕೈ ಹಾಕಿದ್ದಳು. ನೀರು ಕೊಟ್ಟಾಗ ಲೋಟವನ್ನು ಮೊದಲು ಹಿಂದಿನವರಿಗೆ ದಾಟಿಸಿ, ಎರಡನೆಯದನ್ನು ತಾನು ಕುಡಿದಳು. ಕುಡಿದು, “ಅಣ್ಣಾ, ನೀವೂ ಒಂದ್ಸಲ ತಿರುಗಿ ನೋಡಿ” ಎಂದು ಕೂಗಿದಳು. ಅಷ್ಟು ಹೇಳಿ ನೀರಣ್ಣ ನಿಲ್ಲಿಸಬಹುದಿತ್ತು. ನಿಲ್ಲಿಸಲಿಲ್ಲ. ಮಣಿಕಟ್ಟಿನ ವಿಷಯವನ್ನೂ ಹೇಳಿದರು.

“ಬಿಟ್ಟಿದ್ದು ನೀನಾ?” ಎಂದು ಆಕೆ ಕೇಳಿದರು. ಹೂಂ ಎಂದರು ಇವರು. ಆಕೆ ಬಹಳ ಹೊತ್ತು ಇವರ ಕೈಗಳನ್ನೇ ನೋಡುತ್ತಿದ್ದರು. ಆಮೇಲೆ ಚೀಲ ಎತ್ತಿಕೊಂಡು ಹೋದರು.

ಐದು ತಿಂಗಳು ಬರಲಿಲ್ಲ. ಆರನೆಯ ತಿಂಗಳು ಬಂದರು. ಆಗಿನಿಂದ ಒಂದು ಭಾನುವಾರವನ್ನೂ ತಪ್ಪಿಸಿಲ್ಲ. ಎಲ್ಲರ ಅನುಭವ ಕೇಳುತ್ತಾರೆ, ರೈಲಿನ ಕತೆಗೆ ಎಲ್ಲರಂತೆ ನಗುವುದೂ ಉಂಟು. ಕೂಟ ಮುಗಿದ ಮೇಲೆ ಸ್ಟೂಲಿನ ಎದುರು ಕುರ್ಚಿ ಎಳೆದುಕೊಂಡು, ತುಟಿ ಕಾಣುವಂತೆ ನಿಧಾನವಾಗಿ ಹೇಳುತ್ತಾರೆ: “ನೀರು ಕುಡಿದಿದ್ದು ಹೇಳು.” ಇವರು ಹೇಳುತ್ತಾರೆ. ಲೋಟ, ಪೆನ್ಸಿಲು, ಅಪರಿಚಿತೆಯ ಹೆಗಲು. ಗಿಟಾರು ಶುರುವಾಗುವ ಹೊತ್ತಿಗೆ ಆಕೆ ಕೈಯೆತ್ತುತ್ತಾರೆ, ಸಾಕು. ಎದ್ದು ಹೋಗುತ್ತಾರೆ. ಹತ್ತಿರ ಹತ್ತಿರ ಎರಡು ವರ್ಷದಿಂದ ಇದು ಹೀಗೇ ನಡೆದಿದೆ. ಬೈದಿಲ್ಲ, ಶಪಿಸಿಲ್ಲ, ಪರವಾಗಿಲ್ಲ ಬಿಡು ಎಂದೂ ಹೇಳಿಲ್ಲ.

“ಬೈದಿದ್ರೆ ಚೆನ್ನಾಗಿತ್ತು” ಎನ್ನುತ್ತಾರೆ ನೀರಣ್ಣ. “ಆದ್ರೆ ಬೈಯಿ ಅಂತ ಕೇಳೋಕಾಗುತ್ತಾ? ಅವರು ಕೇಳಿದ್ದು ಆ ಒಂದು ಗಂಟೆ. ನನ್ನ ಹತ್ತಿರ ಇರೋದೂ ಅದೊಂದೇ. ಕೊಡ್ತೀನಿ.”

ಓಣಿಯಲ್ಲಿ ನಿಲ್ಲುವುದು ಮಾತ್ರ ಇನ್ನು ಹೆಚ್ಚು ದಿನವಿಲ್ಲ. ಬಲಗಿವಿ ವರ್ಷದೊಳಗೆ ಪೂರ್ತಿ ಹೋಗುತ್ತದೆಂದು ಡಾಕ್ಟರು ಹೇಳಿದ್ದಾರೆ. ಕಳೆದ ತಿಂಗಳು ರಂಗಮಂದಿರದವರು ಸಿಬ್ಬಂದಿಗೆಲ್ಲ ಕಿವಿಯ ಪರೀಕ್ಷೆ ಮಾಡಿಸಿದರು. ಕಿವಿಗೆ ಸಿಕ್ಕಿಸಿದ ವೈರ್‌ಲೆಸ್ಸಿನಲ್ಲಿ ಬಂದ ಹತ್ತು ಸೂಚನೆಗಳಲ್ಲಿ ನೀರಣ್ಣನವರಿಗೆ ಕೇಳಿಸಿದ್ದು ಎರಡು. ಈ ಹಂಗಾಮು ಮುಗಿದರೆ ಕೆಲಸವೂ ಮುಗಿಯಿತು. ಇನ್ನು ಉಳಿದಿರುವುದು ಒಂಬತ್ತು ಕಾರ್ಯಕ್ರಮಗಳು. ಕೊನೆಯದಕ್ಕೆ ಮುಂದಿನ ಸಾಲಿನ ಟಿಕೆಟ್ ಕೊಡುತ್ತೇವೆ, ಒಮ್ಮೆಯಾದರೂ ಕೂತು ನೋಡಿ ಎಂದು ಕೂಟದವರು ಒತ್ತಾಯಿಸಿದ್ದಾರೆ. ಇವರು ಒಪ್ಪಿಲ್ಲ. ಅವತ್ತೂ ಓಣಿಯಲ್ಲಿ ಯಾರಾದರೂ ನಿಲ್ಲಲೇಬೇಕಲ್ಲ ಎನ್ನುತ್ತಾರೆ.

ಮ್ಯಾನೇಜರರಿಗೆ ಒಂದು ಅರ್ಜಿಯನ್ನು ಮಾತ್ರ ಕೊಟ್ಟಿದ್ದಾರೆ. ಹೆಂಡತಿಯ ಕೈಯಲ್ಲಿ ಬರೆಸಿದ್ದು, ನಾಲ್ಕೇ ಸಾಲು. ಪರಿಶೀಲಿಸಲಾಗುವುದು ಎಂದು ಉತ್ತರ ಬಂದಿದೆ. ಎರಡು ಸಲ ಹೋಗಿ ವಿಚಾರಿಸಿಯೂ ಬಂದಿದ್ದಾರೆ. ಮ್ಯಾನೇಜರರು ತಲೆಯೆತ್ತದೆ ಮಾತಾಡಿದ್ದರಿಂದ ತುಟಿ ಕಾಣಿಸಲಿಲ್ಲ, ಏನು ಹೇಳಿದರೋ ಗೊತ್ತಾಗಲಿಲ್ಲ.

“ಸನ್ಮಾನ ಗಿನ್ಮಾನ ಕೇಳಿಲ್ಲ” ಎನ್ನುತ್ತಾ ನೀರಣ್ಣ ಮುಂದಿನ ತಡೆಗೆ ಸೊಂಟ ಕೊಡುತ್ತಾರೆ. “ನನ್ನ ಜಾಗಕ್ಕೆ ಇಬ್ಬರನ್ನ ಹಾಕಿ ಅಂತ ಬರೆಸಿದೀನಿ. ಒಬ್ಬ ಒಬ್ಬರನ್ನ ಎತ್ತುವಾಗ, ಇನ್ನೊಬ್ಬರನ್ನ ಹಿಡ್ಕೊಂಡಿರೋಕೆ ಇನ್ನೊಬ್ಬ ಇರ್ಬೇಕು. ಅಷ್ಟಾದ್ರೆ ಸಾಕು.”