ನಗೋ ಫೋಟೋ

ಪೀಣ್ಯದಲ್ಲಿ ನಮ್ಮ ಗಲ್ಲಿ ಶುರುವಾಗುವಲ್ಲೇ ಫೋಟೋ ಅಣ್ಣನ ಸ್ಟುಡಿಯೋ ಇತ್ತು. ಸತ್ತವರ ಫೋಟೋ ದೊಡ್ಡದು ಮಾಡಿ, ಫ್ರೇಮ್ ಹಾಕಿ, ಹನ್ನೊಂದನೇ ದಿನದ ಕಾರ್ಯಕ್ಕೆ ಕೊಡುವುದೇ ಅವರಿಗೆ ಹೆಚ್ಚಿನ ಕೆಲಸ. ಕೊಡುವ ಮುಂಚೆ ಗಾಜನ್ನು ಅಂಗಿಯ ತೋಳಿನಿಂದ ಒರೆಸುತ್ತಿದ್ದರು, ಮಗುವಿನ ಮುಖ ಒರೆಸಿದ ಹಾಗೆ.

ಜಾಲಹಳ್ಳಿ ಕಡೆಯ ಕ್ವಾರ್ಟರ್ಸ್‌ನಿಂದ ಬರುತ್ತಿದ್ದ ಫೋಟೋಗಳಲ್ಲಿ ತಲೆ ನೆರೆತಿರುತ್ತಿತ್ತು, ತೊಡೆಯ ಮೇಲೆ ಮೊಮ್ಮಗು ಇರುತ್ತಿತ್ತು. ನಮ್ಮ ಗಲ್ಲಿ ಇರುವುದು ಲೋಹಕ್ಕೆ ಲೇಪ ಕೊಡುವ ಪ್ಲೇಟಿಂಗ್ ಶೆಡ್ಡುಗಳ ಹಿಂದೆ. ಗಾಳಿಗೆ ಆಸಿಡ್ ವಾಸನೆ, ಬೋರ್‌ವೆಲ್ ನೀರು ಹಳದಿ. ನಮ್ಮವರು ತರುತ್ತಿದ್ದದ್ದು ಫ್ಯಾಕ್ಟರಿಯ ಐಡಿ ಕಾರ್ಡು. ಅದರಲ್ಲಿ ಕಪ್ಪು ಕೂದಲು, ಗಾಬರಿಯ ಕಣ್ಣು. ಮೊಬೈಲಿನಲ್ಲಿ ಇದ್ದದ್ದು ದೊಡ್ಡದು ಮಾಡಿದರೆ ಮಸುಕಾಗುತ್ತಿತ್ತು.

"ನಗೋ ಫೋಟೋ ಒಂದೂ ಇಲ್ವಾ?" ಅಂತ ಎಲ್ಲರನ್ನೂ ಕೇಳುತ್ತಿದ್ದರು. ಇರುತ್ತಿರಲಿಲ್ಲ.

ಒಂದು ಭಾನುವಾರ ಕ್ಯಾಮೆರಾ ಹಿಡಿದು ಗಲ್ಲಿಗೇ ಬಂದರು. ಒಬ್ಬೊಬ್ಬರನ್ನೇ ಬಾಗಿಲಲ್ಲಿ ನಿಲ್ಲಿಸಿ, ಏನಾದರೂ ತಮಾಷೆ ಮಾಡಿ, ನಕ್ಕಾಗ ಕ್ಲಿಕ್ಕಿಸಿದರು. ನಮ್ಮಪ್ಪ ಕೆಮ್ಮುತ್ತಲೇ ನಕ್ಕರು.

"ಯಾಕಣ್ಣ ಇದೆಲ್ಲ?" ಅಂದಳು ಅಮ್ಮ.

"ಸುಮ್ನೆ ಇರ್ಲಿ ಕಣಮ್ಮ," ಅಂದರು. ಅಮ್ಮನ ಮುಖ ನೋಡಲಿಲ್ಲ.

ಮುಂದಿನ ಚಳಿಗಾಲದಲ್ಲಿ ಅಪ್ಪ ಹೋದರು. ಇನ್ನೂ ಐವತ್ತು ತುಂಬಿರಲಿಲ್ಲ. ಅವರ ಐಡಿ ಕಾರ್ಡು ಹಿಡಿದು ಸ್ಟುಡಿಯೋಗೆ ಹೋದೆ. ಫೋಟೋ ಅಣ್ಣ ಆ ಪ್ರಶ್ನೆ ಕೇಳಲಿಲ್ಲ. ಡ್ರಾಯರ್ ಎಳೆದರು. ನಮ್ಮ ಗಲ್ಲಿಯವರೆಲ್ಲ ಅದರೊಳಗೆ ಒಬ್ಬರ ಮೇಲೊಬ್ಬರು ನಗುತ್ತಿದ್ದರು. ಅಪ್ಪನ ಫೋಟೋ ಹುಡುಕಿ ತೆಗೆದವರು, ಅದರ ಕೆಳಗಿದ್ದ ನನ್ನ ಫೋಟೋವನ್ನು ತಟ್ಟನೆ ಅಂಗೈಯಿಂದ ಮುಚ್ಚಿದರು.